ಅಳಿಸುವ ಮೊದಲು ಬರೆದುಕೊಳ್ಳುವವಳು

ನಮ್ಮ ಮೆಕ್ಯಾನಿಕ್ಕರ ಸಂಘದವರು ಹೊರತರುವ ಪುಸ್ತಿಕೆಗೆ ನನ್ನ ನಾದಿನಿಯ ಬಗ್ಗೆ ಒಂದು ಪುಟ ಬರೆದುಕೊಡಬೇಕಂತೆ. ಅವಳನ್ನು ಚೆನ್ನಾಗಿ ಬಲ್ಲವನು ನಾನೇ ಅಂತೆ. ಹೆಂಡತಿಯ ತಂಗಿ, ಒಂದೇ ಮನೆಯಲ್ಲಿ ಇರುವವಳು, ಒಂಬತ್ತು ವರ್ಷದಿಂದ ಒಂದೇ ಗ್ಯಾರೇಜಿನಲ್ಲಿ ಕೆಲಸ ಮಾಡುವವಳು. ನಿಮ್ಮನ್ನು ಬಿಟ್ಟು ಇನ್ಯಾರನ್ನು ಕೇಳೋಣ ಎಂದು ಕಾರ್ಯದರ್ಶಿ ಹಲ್ಲು ಕಿರಿದ. ಆ ಒಂಬತ್ತು ವರ್ಷದಲ್ಲಿ ನಾನು ಅವಳ ಪಕ್ಕದಲ್ಲಿ ನಿಂತು ಕೆಲಸ ಮಾಡಿದ್ದಕ್ಕಿಂತ ಅವಳನ್ನು ನೋಡಿ ಹೊಟ್ಟೆ ಉರಿದುಕೊಂಡದ್ದೇ ಹೆಚ್ಚು ಎಂಬುದು ಅವನಿಗೆ ಗೊತ್ತಿದ್ದಂತಿಲ್ಲ. ಆದ್ದರಿಂದ ಇದು ಒಂದು ಪುಟದಲ್ಲಿ ಮುಗಿಯುವುದಿಲ್ಲ. ಬರೀ ಹೊಗಳಿಕೆ ಬೇಕಿದ್ದವರು ನನ್ನ ಹೆಂಡತಿಯನ್ನು ಕೇಳಿಕೊಳ್ಳಲಿ.

ಮೊದಲು ನನ್ನ ವಿಷಯ ಹೇಳಿಬಿಡುತ್ತೇನೆ, ಏಕೆಂದರೆ ಅವಳು ಬರುವ ಮುಂಚೆ ಆ ಗ್ಯಾರೇಜಿನಲ್ಲಿ ವಿಷಯ ಅಂದರೆ ನಾನೇ. ನನ್ನ ಕೈಗುಣ ಒಳ್ಳೆಯದು ಎಂದು ಜನ ಹುಡುಕಿಕೊಂಡು ಬರುತ್ತಿದ್ದರು. ಓಡುತ್ತಿರುವ ಎಂಜಿನ್ನಿನ ಮೇಲೆ ಅಂಗೈ ಇಟ್ಟು ಕಣ್ಣು ಮುಚ್ಚಿದರೆ ಸಾಕು, ಯಾವ ಸಿಲಿಂಡರ್ ಕುಂಟುತ್ತಿದೆ ಎಂದು ಹೇಳುತ್ತಿದ್ದೆ. ಹತ್ತರಲ್ಲಿ ಎಂಟು ಸಲ ಸರಿಯಾಗಿರುತ್ತಿತ್ತು. ಉಳಿದೆರಡನ್ನು ಯಾರೂ ನೆನಪಿಟ್ಟುಕೊಳ್ಳುತ್ತಿರಲಿಲ್ಲ. ಇನ್ನು ವೈರು ಕಟ್ಟುವುದರಲ್ಲಂತೂ ನನ್ನದು ಎತ್ತಿದ ಕೈ. ಬೇರೆಯವರು ಒಂದು ಪ್ಲಾಸ್ಟಿಕ್ ಪಟ್ಟಿ ಬಿಗಿದು ಕೈ ತೊಳೆದುಕೊಂಡರೆ ನಾನು ಅಕ್ಕಪಕ್ಕ ಎರಡು ಬಿಗಿಯುತ್ತೇನೆ. ತುದಿಗಳನ್ನು ಓರೆಯಾಗಿ ಕತ್ತರಿಸಿ, ಯಾರ ಕೈಗೂ ಗೀರದಂತೆ ಒಳಕ್ಕೆ ತಿರುಗಿಸುತ್ತೇನೆ. ಊರಿನ ಯಾವ ಕಾರಿನ ಬಾನೆಟ್ ಎತ್ತಿದರೂ ಇದು ನನ್ನ ಕಟ್ಟು ಎಂದು ಎಲ್ಲರೂ ಗುರುತು ಹಿಡಿಯುತ್ತಿದ್ದರು. ನನಗೆ ಸಹಿ ಅಂದರೆ ಅದೇ.

ನಾದಿನಿ ಹನ್ನೊಂದು ವರ್ಷ ಆಸ್ಪತ್ರೆಯೊಂದರಲ್ಲಿ ಚೀಟಿ ಬರೆಯುವ ಕಿಟಕಿಯ ಹಿಂದೆ ಕೂತವಳು. ರೋಗಿ ಬಂದು ಎದೆನೋವು ಎಂದರೆ ಯಾವಾಗಿಂದ, ಏನು ಮಾಡುತ್ತಿದ್ದಾಗ, ಕೂತಾಗಲೋ ಮೆಟ್ಟಿಲು ಹತ್ತುವಾಗಲೋ ಎಂದು ಕೇಳಿ ಬರೆದು ಒಳಗೆ ಕಳಿಸುವುದು ಅವಳ ಕೆಲಸ. ಆ ಕೆಲಸವನ್ನು ಕಂಪ್ಯೂಟರ್ ಪರದೆಗೆ ಒಪ್ಪಿಸಿ ಕಿಟಕಿ ಮುಚ್ಚಿದರು. ಮದುವೆಯಾಗದ ಹೆಣ್ಣು, ನಮ್ಮ ಮನೆಯ ಮುಂದಿನ ಕೋಣೆಗೆ ಬಂದಳು. ಆ ಕೋಣೆಯಲ್ಲಿದ್ದ ನನ್ನ ಹಳೆಯ ಉಪಕರಣಗಳ ಕಪಾಟು ಹಿತ್ತಿಲಿನ ಶೆಡ್ಡಿಗೆ ಹೋಯಿತು. ಅಲ್ಲಿಂದಲೇ ನನ್ನ ಲೆಕ್ಕ ಶುರುವಾಯಿತು ಅನ್ನಬಹುದು.

ಮನೆಯಲ್ಲಿ ಸುಮ್ಮನೆ ಕೂತರೆ ಅವಳಿಗೆ ಹುಚ್ಚು ಹಿಡಿಯುತ್ತದೆ, ಗ್ಯಾರೇಜಿನಲ್ಲಿ ಏನಾದರೂ ಕೊಡಿಸಿ ಎಂದು ಹೆಂಡತಿ ನನ್ನ ಪ್ರಾಣ ತಿಂದಳು. ನಾನು ಯಜಮಾನರಿಗೆ ಹೇಳಿದೆ. ನಾನೇ ಹೇಳಿದೆ, ಇದನ್ನು ಎಲ್ಲರೂ ಗಮನಿಸಬೇಕು. ಆಗ ಯಜಮಾನರು ಒಂದು ಸ್ಕ್ಯಾನರ್ ತರಿಸಿದ್ದರು. ಎಂಜಿನ್ನಿನಲ್ಲಿ ಏನಾದರೂ ತಪ್ಪಾದರೆ ಕಾರಿನೊಳಗಿನ ಕಂಪ್ಯೂಟರು ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಹಚ್ಚಿ, ಆ ತಪ್ಪನ್ನು ಒಂದು ಅಕ್ಷರ, ನಾಲ್ಕು ಅಂಕಿಯ ಕೋಡಾಗಿ ಬರೆದಿಟ್ಟುಕೊಳ್ಳುತ್ತದೆ. ಸ್ಕ್ಯಾನರನ್ನು ಸ್ಟೀರಿಂಗಿನ ಕೆಳಗೆ ಚುಚ್ಚಿದರೆ ಆ ಕೋಡು ಕಾಣುತ್ತದೆ. ನಾನು ಅದನ್ನು ಮುಟ್ಟದೆ ಡಬ್ಬದಲ್ಲೇ ಇಟ್ಟಿದ್ದೆ. ಅಂಗೈ ಇರುವವನಿಗೆ ಆಟಿಕೆ ಏಕೆ ಎಂಬುದು ನನ್ನ ಧೋರಣೆ. ಯಜಮಾನರು ಡಬ್ಬ ಬಿಚ್ಚಿ ಅದನ್ನು ಅವಳ ಕೈಗೆ ಕೊಟ್ಟರು.

ಅವಳು ಬಾನೆಟ್ ಎತ್ತುತ್ತಿರಲಿಲ್ಲ. ಮೊದಲು ಹೋಗಿ ಕಾರಿನವರು ಕೂರುವ ಸೀಟಿನಲ್ಲಿ, ಅದನ್ನು ಹಿಂದೆ ಮುಂದೆ ಸರಿಸದೆ, ಅವರು ಕೂತ ಹಾಗೆಯೇ ಕೂರುತ್ತಿದ್ದಳು. ಮಂಡಿ ಸ್ಟೀರಿಂಗಿಗೆ ತಾಗಿದರೂ ಸರಿಯೇ. ಆಮೇಲೆ ಕೋಡು ನೋಡಿ, ಅದರ ಕೆಳಗೆ ಇನ್ನೊಂದು ಪುಟ ತೆರೆಯುತ್ತಿದ್ದಳು. ದೀಪ ಹತ್ತಿದ ಕ್ಷಣದಲ್ಲಿ ಕಾರು ಎಷ್ಟು ವೇಗದಲ್ಲಿತ್ತು, ಎಂಜಿನ್ ಎಷ್ಟು ಬಿಸಿಯಾಗಿತ್ತು, ಎಷ್ಟು ಭಾರ ಎಳೆಯುತ್ತಿತ್ತು ಎಂಬುದೆಲ್ಲ ಅಲ್ಲಿರುತ್ತದೆ. ಕೋಡು ಅಳಿಸಿದರೆ ಆ ಪುಟವೂ ಅಳಿಸಿಹೋಗುತ್ತದೆ. ಅದಕ್ಕೇ ಅವಳು ಆ ಅಂಕಿಗಳನ್ನೆಲ್ಲ ನೀಲಿ ರಟ್ಟಿನ ನೋಟ್‌ಬುಕ್ಕಿನಲ್ಲಿ ದುಂಡಗೆ ಬರೆದುಕೊಳ್ಳುವ ತನಕ ಏನನ್ನೂ ಅಳಿಸುತ್ತಿರಲಿಲ್ಲ. ಕೊನೆಗೆ ಕಾರಿನವರನ್ನು ಕೂರಿಸಿಕೊಂಡು, ಆಸ್ಪತ್ರೆಯ ಕಿಟಕಿಯಲ್ಲಿ ಕೇಳಿದ ಹಾಗೆಯೇ ಕೇಳುತ್ತಿದ್ದಳು: ಯಾವಾಗ, ಎಲ್ಲಿ, ಏನು ಮಾಡುತ್ತಿದ್ದಾಗ.

ಒಬ್ಬ ಮೇಷ್ಟ್ರ ಕಾರಿಗೆ ನಾನು ಪೆಟ್ರೋಲ್ ಆವಿಯ ವಾಲ್ವನ್ನು ಎರಡು ಸಲ ಬದಲಿಸಿದ್ದೆ. ಹದಿನೈದು ದಿನಕ್ಕೊಮ್ಮೆ ದೀಪ ಹತ್ತುವುದು ನಿಂತಿರಲಿಲ್ಲ. ಇವಳು ಕೇಳಿದ್ದು ಒಂದೇ ಪ್ರಶ್ನೆ, ಪೆಟ್ರೋಲ್ ಹೇಗೆ ಹಾಕಿಸುತ್ತೀರಿ ಅಂತ. ಪಂಪು ತಾನಾಗಿ ನಿಂತ ಮೇಲೂ ಇನ್ನಷ್ಟು ಹಿಡಿಯುತ್ತದೆ ಎಂದು ಬಾಯಿಯ ತನಕ ತುಂಬಿಸುವುದು ಮೇಷ್ಟ್ರ ಅಭ್ಯಾಸ. ಆವಿ ಹೋಗಬೇಕಾದ ಕೊಳವೆಗೆ ಪೆಟ್ರೋಲೇ ನುಗ್ಗುತ್ತಿತ್ತು. ಹಾಗೆ ಮಾಡಬೇಡಿ ಅಂದಳು, ಅಷ್ಟೇ. ಒಂದು ಸ್ಪ್ಯಾನರನ್ನೂ ಮುಟ್ಟದೆ ಕಾರು ರಿಪೇರಿ ಮಾಡಿದ ಮಹಾತಾಯಿ ಎಂದು ಮೇಷ್ಟ್ರು ಊರೆಲ್ಲ ಡಂಗುರ ಸಾರಿದರು. ನಾನು ಬದಲಿಸಿದ ಎರಡು ವಾಲ್ವಿನ ಕಥೆಯೂ ಅದರ ಜೊತೆಗೇ ಊರು ಸುತ್ತಿತು.

ಆಮೇಲೆ ಅವಳಿಗೆ ಕೋಡಮ್ಮ ಎಂಬ ಹೆಸರು ಬಿತ್ತು. ಬಂದವರು ನನ್ನನ್ನು ದಾಟಿಕೊಂಡು ಕೋಡಮ್ಮ ಇದ್ದಾರಾ ಎಂದು ಕೇಳತೊಡಗಿದರು. ಮನೆಯಲ್ಲೂ ಅದೇ ಪಾಡು. ಊಟಕ್ಕೆ ಕೂತರೆ ಹೆಂಡತಿ ತಂಗಿಯ ತಟ್ಟೆ ನೋಡಿ ಇನ್ನಷ್ಟು ಹಾಕುವಳು, ನನ್ನದನ್ನು ನೋಡಿ ಸಾಕಾ ಎನ್ನುವಳು. ನನ್ನ ಸ್ವಂತ ಮಗಳು ಗಣಿತ ಕೇಳುವುದಕ್ಕೆ ನನ್ನ ಮುಂದಿನಿಂದಲೇ ಪುಸ್ತಕ ಹಿಡಿದು ಚಿಕ್ಕಮ್ಮನ ಕೋಣೆಗೆ ಹೋಗುವಳು. ನನಗೆ ಆ ಗಣಿತ ಬರುವುದಿಲ್ಲ ಎಂಬುದು ಬೇರೆ ಮಾತು, ಕೇಳಬಹುದಿತ್ತಲ್ಲ. ಇವಳಾದರೂ ಸ್ವಲ್ಪ ಜಂಬ ಮಾಡಿದ್ದರೆ ನನಗೆ ಬಯ್ಯಲು ಒಂದು ನೆಪ ಸಿಗುತ್ತಿತ್ತು. ಅದೂ ಇಲ್ಲ. ಭಾವ, ಭಾವ ಎಂದು ಎಲ್ಲದಕ್ಕೂ ನನ್ನನ್ನೇ ಕೇಳುವಳು. ಅದಕ್ಕೇ ಮೈಯೆಲ್ಲ ಪರಚಿಕೊಳ್ಳುವಂತಾಗುತ್ತಿತ್ತು.

ನಾಲ್ಕು ವರ್ಷದ ಹಿಂದೆ ಯಜಮಾನರ ಮಂಡಿ ಕೈಕೊಟ್ಟಿತು. ತಿಂಗಳ ಕೊನೆಗೆ ಗ್ಯಾರೇಜಿನ ಕೀಲಿಗೊಂಚಲನ್ನು ನಿಮ್ಮಿಬ್ಬರಲ್ಲಿ ಒಬ್ಬರಿಗೆ ಒಪ್ಪಿಸುತ್ತೇನೆ, ಆಮೇಲೆ ಯಾವ ಕಾರನ್ನು ಯಾರು ಮುಟ್ಟಬೇಕು, ಯಾವುದು ಹೊರಗೆ ಹೋಗಬಹುದು ಎಂದು ಹೇಳುವುದು ಅವರೇ ಎಂದರು. ಇಪ್ಪತ್ತೆರಡು ವರ್ಷ ಆ ಗ್ರೀಸಿನಲ್ಲಿ ಕೈ ಸವೆಸಿದವನು ನಾನು. ಆ ಗೊಂಚಲಿನಲ್ಲಿ ಏಳು ಕೀಲಿಗಳಿವೆ, ಯಾವುದು ಯಾವ ಬೀಗಕ್ಕೆ ಎಂದು ಕತ್ತಲಲ್ಲೂ ಹೇಳಬಲ್ಲೆ. ನಿಮ್ಮಿಬ್ಬರಲ್ಲಿ ಎಂದರಲ್ಲ, ಆ ಮಾತು ಎದೆಗೆ ಒದ್ದಂತಾಯಿತು.

ಅದೇ ತಿಂಗಳು ಹೆರಿಗೆ ದಾದಿಯ ಹಸಿರು ಕಾರು ಮೂರನೆಯ ಸಲ ಬಂತು. ಮನೆಮನೆಗೆ ಹೋಗಿ ಹೆರಿಗೆ ಮಾಡಿಸುವ ಹೆಂಗಸು, ನನ್ನ ಹಳೆಯ ಗಿರಾಕಿ. ನನ್ನನ್ನು ಬಿಟ್ಟು ಯಾರೂ ಮುಟ್ಟಬಾರದು ಎನ್ನುತ್ತಿದ್ದವರು. ಮೊದಲ ಸಲ ಹಳದಿ ದೀಪ ಹತ್ತಿದಾಗ ನಾದಿನಿ ಕೋಡು ಓದಿ ಪಿ ಸೊನ್ನೆ ಮುನ್ನೂರ ಮೂರು ಎಂದಿದ್ದಳು. ಅಂದರೆ ಮೂರನೆಯ ಸಿಲಿಂಡರಿನಲ್ಲಿ ಕಿಡಿ ತಪ್ಪುತ್ತಿದೆ ಎಂದರ್ಥ. ಕೆಳಗಿನ ಪುಟವನ್ನೂ ಓದಲು ಹೋದಳು. ಸಂಖ್ಯೆ ಸಾಕು ಎಂದು ನಾನೇ ಬಾಯಿ ಮುಚ್ಚಿಸಿದ್ದೆ. ಆ ಸಲ ಸ್ಪಾರ್ಕ್ ಪ್ಲಗ್ ಬದಲಿಸಿದೆ, ಎರಡನೆಯ ಸಲ ಅದರ ಮೇಲೆ ಕೂತು ಕಿಡಿಗೆ ಕರೆಂಟು ಕೊಡುವ ಕಾಯಿಲ್ ಬದಲಿಸಿದೆ. ಎರಡು ಸಲವೂ ಅಲ್ಲೇ ಪಕ್ಕದಲ್ಲಿ, ಎರಡು ವರ್ಷದ ಕೆಳಗೆ ನಾನೇ ಬಿಗಿದ ವೈರಿನ ಜೋಡಿ ಕಟ್ಟು ಕಣ್ಣಿಗೆ ಬಿತ್ತು. ಒಂದು ಕೂದಲೆಳೆಯಷ್ಟೂ ಅಲ್ಲಾಡಿಲ್ಲವಲ್ಲ ಎಂದು ಹೆಮ್ಮೆಪಟ್ಟುಕೊಂಡೆ.

ಮೂರನೆಯ ಸಲ ಯಜಮಾನರು, ಇದನ್ನು ಅವಳೇ ನೋಡಲಿ ಬಿಡಪ್ಪ ಅಂದರು. ಅವಳು ಕಣ್ಣಿನ ಡಾಕ್ಟರ ಹತ್ತಿರ ಹೋಗಿದ್ದಳು, ಹನ್ನೊಂದು ಗಂಟೆಗೆ ಬರುವವಳಿದ್ದಳು. ಆಗ ಒಂಬತ್ತು. ನಾನು ಕಾರಿನ ಸುತ್ತ ಎರಡು ಸುತ್ತು ಹಾಕಿದೆ. ಇನ್ನೆರಡು ಗಂಟೆಯಲ್ಲಿ ಬಂದು ಸೀಟಿನಲ್ಲಿ ಕೂತು, ನೋಟ್‌ಬುಕ್ಕು ತೆರೆದು, ನಾನು ಎರಡು ಸಲ ಎಡವಿದ್ದನ್ನು ಯಜಮಾನರ ಮುಂದೆಯೇ ಒಂದು ಪ್ರಶ್ನೆಯಲ್ಲಿ ಬಿಡಿಸುತ್ತಾಳೆ. ಹಾಗಾದರೆ ಕೀಲಿಗೊಂಚಲು ಅವಳದು. ಈ ಯೋಚನೆ ಬಂದದ್ದೇ ತಡ, ಸ್ಕ್ಯಾನರ್ ತಂದು ಚುಚ್ಚಿದೆ. ಅದೇ ಕೋಡು. ಕೆಳಗಿನ ಪುಟವನ್ನು ತೆರೆಯಲೇ ಇಲ್ಲ. ಅಳಿಸು ಎಂಬ ಗುಂಡಿ ಒತ್ತಿದೆ. ಖಚಿತವೇ ಎಂದು ಯಂತ್ರ ಕೇಳಿತು. ಹೌದು ಎಂದು ಒತ್ತಿದೆ.

ದೀಪ ಆರಿತು. ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಒಂದನ್ನು ಬದಲಿಸಿ, ಬೀದಿಯಲ್ಲಿ ಒಂದು ಸುತ್ತು ಓಡಿಸಿ, ದಾದಿಯನ್ನು ಕರೆದು ಕಾರು ಒಪ್ಪಿಸಿಬಿಟ್ಟೆ. ನಾದಿನಿ ಹೊಸ ಕನ್ನಡಕ ಹಾಕಿಕೊಂಡು ಬಂದಾಗ ಕಾರು ನಿಂತಿದ್ದ ಜಾಗ ಖಾಲಿ. ಅಳಿಸುವ ಮೊದಲು ಕೆಳಗಿನ ಪುಟ ಬರೆದುಕೊಂಡಿರಾ ಎಂದು ಕೇಳಿದಳು. ಬರೆದುಕೊಂಡೆ ಎಂದೆ. ಅವಳು ಸ್ಕ್ಯಾನರನ್ನು ಎತ್ತಿಕೊಂಡು ಒಂದು ಗಳಿಗೆ ನೋಡಿ, ಒರೆಸಿ, ಡಬ್ಬದಲ್ಲಿಟ್ಟಳು.

ನಾಲ್ಕನೆಯ ದಿನ ಬೆಳಿಗ್ಗೆ ದಾದಿ ನಡೆದುಕೊಂಡೇ ಗ್ಯಾರೇಜಿಗೆ ಬಂದರು. ಹೆರಿಗೆ ಬೇನೆ ಶುರುವಾಗಿದೆ ಎಂದು ಕರೆ ಬಂದು ಹೊರಟರೆ ಕಾರು ಮನೆಯ ಮುಂದೆಯೇ ಕೆಮ್ಮಿ ನಿಂತುಹೋಗಿತ್ತು. ಪಕ್ಕದ ಮನೆಯವನನ್ನು ಎಬ್ಬಿಸಿ ಅವನ ಸ್ಕೂಟರಿನಲ್ಲಿ ಹೋಗುವಷ್ಟರಲ್ಲಿ ಮಗು ಹುಟ್ಟಿಯಾಗಿತ್ತು. ತಾಯಿ ಮಗು ಚೆನ್ನಾಗಿದ್ದಾರೆ, ಅದು ಅವರ ಅದೃಷ್ಟ. ದಾದಿ ಕೂಗಾಡಲಿಲ್ಲ. ನನ್ನ ಮುಖವನ್ನೇ ನೋಡಿ ಒಂದು ಮಾತು ಹೇಳಿದರು.

"ನಿಮ್ಮ ಕೈಗುಣ ನಂಬ್ಕೊಂಡು ನಾನು ಬೇರೆಯವರ ಹೆಂಡ್ತೀರನ್ನ, ಮಕ್ಕಳನ್ನ ಹೊತ್ತಿಗೆ ಸರಿಯಾಗಿ ಬರ್ತೀನಿ ಅಂತ ನಂಬಿಸ್ತಿದ್ದೆ."

ಯಜಮಾನರು ನನ್ನತ್ತ ತಿರುಗಿ, ಕಳೆದ ಸಲದ ಆ ಪುಟ ಎಲ್ಲಿ ತೋರಿಸು ಎಂದರು. ಆಗ ನಾದಿನಿ ನಡುವೆ ಬಂದು, ಹಳೇ ಪುಟದಿಂದ ಈಗ ಪ್ರಯೋಜನ ಇಲ್ಲ, ನಾಳೆ ಬೆಳಿಗ್ಗೆ ಅವರ ಮನೆ ಮುಂದೆಯೇ ನೋಡಬೇಕು ಎಂದಳು. ನನ್ನನ್ನು ಕಾಪಾಡಿದಳು ಎಂದು ನಿಮಗನ್ನಿಸಬಹುದು. ನನಗೆ ಅನ್ನಿಸಿದ್ದು, ಇವಳಿಗೆ ಇದೂ ಬರುತ್ತದಲ್ಲ ಎಂದು.

ಮರುದಿನ ಬೆಳಿಗ್ಗೆ ಇಬ್ಬರೂ ಹೋದೆವು. ದಾದಿಯ ಮನೆ ರಸ್ತೆಗಿಂತ ಕೆಳಗಿದೆ. ಅಂಗಳದಲ್ಲಿ ಕಾರು ತಿರುಗಿಸಲು ಜಾಗವಿಲ್ಲ. ದಿನಾ ಬೆಳಿಗ್ಗೆ ತಣ್ಣಗಿನ ಎಂಜಿನ್ನಿನಲ್ಲಿ, ರಿವರ್ಸ್ ಗೇರಿನಲ್ಲೇ, ಆ ಕಡಿದಾದ ಸಿಮೆಂಟು ದಾರಿ ಹತ್ತಬೇಕು. ನಾದಿನಿ ಕಾರಿನೊಳಗೆ ದಾದಿಯ ಪಕ್ಕ, ತೊಡೆಯ ಮೇಲೆ ಸ್ಕ್ಯಾನರ್ ಇಟ್ಟುಕೊಂಡು ಕೂತಳು. ಬಾನೆಟ್ ಎತ್ತಿಯೇ ಇರಲಿ, ಹಿಂದಕ್ಕೆ ಹೋಗುವುದಕ್ಕೆ ಅದು ಅಡ್ಡವಲ್ಲ, ನೀವು ಎದುರಿಗೆ ಎಂಜಿನ್ ನೋಡುತ್ತಾ ನಡೆಯಿರಿ ಎಂದು ನನಗೆ ಹೇಳಿದಳು. ಅವಳ ಮಾತಿನಂತೆ ನಡೆದೆ.

ದಾದಿ ಕಾರು ಹಿಂದಕ್ಕೆ ಹತ್ತಿಸಿದರು. ಅರ್ಧ ದಾರಿಗೆ ಬಂದಾಗ ಎಂಜಿನ್ ತನ್ನ ಜಾಗದಲ್ಲೇ ಹೊರಳಿ ಒಂದು ಪಕ್ಕಕ್ಕೆ ವಾಲಿತು. ಅದನ್ನು ಹಿಡಿದಿರುವ ರಬ್ಬರು ಹಳೆಯದಾಗಿ ಮೆತ್ತಗಾಗಿತ್ತು. ಎಂಜಿನ್ ವಾಲಿದೊಡನೆ ಮೂರನೆಯ ಕಾಯಿಲಿಗೆ ಹೋಗುವ ವೈರು ಬಟ್ಟೆ ಒಣಹಾಕುವ ಹಗ್ಗದ ಹಾಗೆ ಸೆಟೆದುಕೊಂಡಿತು. ಎಂಜಿನ್ನಿನ ಜೊತೆ ವಾಲಲು ಅದಕ್ಕೆ ಒಂದು ಬೆರಳಿನಷ್ಟೂ ಸಡಿಲವಿರಲಿಲ್ಲ. ಅದನ್ನು ಅಲ್ಲಾಡದಂತೆ ಹಿಡಿದಿದ್ದದ್ದು ಎರಡು ಪಟ್ಟಿ, ಓರೆಯಾಗಿ ಕತ್ತರಿಸಿ ಒಳಕ್ಕೆ ತಿರುಗಿಸಿದ ತುದಿಗಳು. ಎಂಜಿನ್ ಕೆಮ್ಮಿತು. ದೀಪ ಬಂತು ಎಂದು ಒಳಗಿನಿಂದ ನಾದಿನಿ ಹೇಳಿದ್ದು ಕೇಳಿಸಿತು.

ಎರಡು ಸಲ ನೋಡಿ, ಎರಡು ಸಲ ಹೆಮ್ಮೆಪಟ್ಟ ಕಟ್ಟು ಅದು. ಚೆಂದ ಕಾಣಲಿ ಎಂದು ಬಿಗಿಯಾಗಿ ಎಳೆದು ಕಟ್ಟಿದವನು ನಾನು. ಎರಡು ವರ್ಷ ದಿನಾ ಬೆಳಿಗ್ಗೆ ಎಳೆದೆಳೆದು ಒಳಗಿನ ತಂತಿಯ ಎಳೆಗಳು ಒಂದೊಂದಾಗಿ ಹರಿದಿದ್ದವು. ಎತ್ತಿದ ಬಾನೆಟ್ಟಿನ ಹಿಂದಿದ್ದ ಇಬ್ಬರಿಗೂ ನಾನು ಕಾಣುತ್ತಿರಲಿಲ್ಲ. ಕಾರು ನಿಂತಿತು. ಜೇಬಿನಲ್ಲಿ ಕಟರ್ ಇತ್ತು. ಎರಡೂ ಪಟ್ಟಿಗಳನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ.

ನಾದಿನಿ ಇಳಿದು ಬಂದಳು. ವೈರು ಬಿಗಿಯಾಗಿದೆ, ಎಂಜಿನ್ ವಾಲಿದಾಗ ಎಳೆಯುತ್ತದೆ ಎಂದೆ. ಅವಳು ಬಗ್ಗಿ ನೋಡಿದಳು. ವೈರಿನ ತುಂಬ ಎರಡು ವರ್ಷದ ಧೂಳು; ಪಟ್ಟಿಗಳಿದ್ದ ಜಾಗದಲ್ಲಿ ಮಾತ್ರ ಅಕ್ಕಪಕ್ಕ ಎರಡು ಕರಿಯ ಗೆರೆಗಳು, ಆಗಷ್ಟೇ ಅಂಗಡಿಯಿಂದ ತಂದಷ್ಟು ಸ್ವಚ್ಛ. ಅವಳು ಹೆಬ್ಬೆರಳಿನಿಂದ ಆ ಗೆರೆಗಳನ್ನು ಒಮ್ಮೆ ಸವರಿ, ಬೆರಳು ಒರೆಸಿಕೊಂಡಳು. ಆಮೇಲೆ ವೈರು ಬದಲಿಸೋಣ, ರಬ್ಬರನ್ನೂ ಬದಲಿಸೋಣ ಎಂದಳು. ಮಧ್ಯಾಹ್ನದೊಳಗೆ ಎರಡೂ ಆಯಿತು. ದಾದಿ ಅದೇ ದಾರಿಯಲ್ಲಿ ಆರು ಸಲ ಹಿಂದಕ್ಕೆ ಹತ್ತಿಸಿದರು, ದೀಪ ಹತ್ತಲಿಲ್ಲ.

ಅವಳು ಕೈ ತೊಳೆಯಲು ಹೋದಾಗ ನಾನು ನೀಲಿ ನೋಟ್‌ಬುಕ್ಕು ತೆರೆದೆ. ವೇಗ ಆರು, ಎಂಜಿನ್ ತಣ್ಣಗೆ, ಭಾರ ಎಂಬತ್ತೊಂದು ಎಂದು ದುಂಡಗಿನ ಅಕ್ಷರದಲ್ಲಿತ್ತು. ಕೆಳಗೆ, ಕಾರಣ: ವೈರಿಗೆ ಸಡಿಲ ಇಲ್ಲ. ಅದರ ಕೆಳಗೆ, ಕಂಡುಹಿಡಿದವರು: ಭಾವ.

ಅವಳು ವಾಪಸು ಬರುವವರೆಗೂ ಪುಸ್ತಕ ಹಿಡಿದು ನಿಂತೇ ಇದ್ದೆ. ಹೀಗೇಕೆ ಬರೆದೆ ಎಂದು ಕೇಳಿದೆ.

"ನೋಡಿದ್ದು ನೀವೇ ತಾನೆ ಭಾವ. ನಾನು ಒಳಗೆ ಕೂತಿದ್ದೆ."

"ಕಟ್ಟಿದ್ದು ಯಾರು ಅಂತ ನಿಂಗೆ ಗೊತ್ತು."

"ಗೊತ್ತು," ಅಂದಳು. ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ, "ಅಳಿಸಿದ್ದೂ ಗೊತ್ತು. ಯಂತ್ರ ಎಲ್ಲ ಇಟ್ಕೊಂಡಿರತ್ತೆ. ಒಂಬತ್ತು ಹತ್ತಕ್ಕೆ ಓದಿದೀರ, ಒಂಬತ್ತು ಹನ್ನೊಂದಕ್ಕೆ ಅಳಿಸಿದೀರ. ಒಂದು ನಿಮಿಷದಲ್ಲಿ ಆ ಪುಟ ಬರ್ಕೊಳ್ಳೋಕೆ ನನ್ ಕೈಲೂ ಆಗಲ್ಲ."

ಆ ದಿನವೇ ಯಾರಿಗಾದರೂ ಹೇಳಬಹುದಿತ್ತಲ್ಲ ಎಂದೆ. ಅವಳು ಕನ್ನಡಕ ತೆಗೆದು, ಗಾಜಿನ ಮೇಲೆ ಉಸಿರು ಬಿಟ್ಟು ಒರೆಸತೊಡಗಿದಳು. ಆಗ ನೋಡಿದೆ, ಅವಳ ಕಣ್ಣು ತುಂಬಿತ್ತು. ಆ ಹೆರಿಗೆಯ ಸುದ್ದಿ ಬಂದ ರಾತ್ರಿ ಅವಳು ನಿದ್ದೆಯನ್ನೇ ಮಾಡಿರಲಿಲ್ಲವಂತೆ. ಹೇಳಬೇಕಾದಾಗ ಹೇಳದೆ ಸುಮ್ಮನಿದ್ದೆನಲ್ಲ ಎಂದು. ಇದನ್ನು ಆಮೇಲೆ ಹೆಂಡತಿ ಹೇಳಿದಳು.

ತಿಂಗಳ ಕೊನೆಯ ದಿನ ಯಜಮಾನರು ನಮ್ಮಿಬ್ಬರನ್ನೂ ತಮ್ಮ ಗಾಜಿನ ಕೋಣೆಗೆ ಕರೆದರು. ಮೇಜಿನ ಮೇಲೆ ನೀಲಿ ನೋಟ್‌ಬುಕ್ಕು, ಅದರ ಮೇಲೆ ಕೀಲಿಗೊಂಚಲು. ಯಾರಿಗೂ ಬಗೆಹರಿಯದ ಹಸಿರು ಕಾರಿನ ತಪ್ಪನ್ನು ನೀನು ಕಂಡುಹಿಡಿದೆಯಂತೆ, ನಾದಿನಿಯೇ ಬರೆದಿದ್ದಾಳೆ, ಇನ್ನು ನನಗೇನೂ ಅನುಮಾನವಿಲ್ಲ ಎಂದು ಗೊಂಚಲನ್ನು ನನ್ನತ್ತ ದೂಡಿದರು. ಏಳು ಕೀಲಿಗಳು. ಇಪ್ಪತ್ತೆರಡು ವರ್ಷ ನಾನು ಕಾದಿದ್ದು ಒಂದು ಗೇಣು ದೂರದಲ್ಲಿ ಬಿದ್ದಿತ್ತು.

ಪಕ್ಕದಲ್ಲಿ ಅವಳು ನಿಂತಿದ್ದಳು. ಮುಖದಲ್ಲಿ ನಿಜವಾದ ಸಂತೋಷ. ಅದನ್ನು ನೋಡಿದ್ದೇ ನನ್ನ ಹೊಟ್ಟೆಗೆ ಬೆಂಕಿ ಬಿತ್ತು. ಈ ಕೀಲಿ ಹಿಡಿದರೆ ದಿನಾ ಬೆಳಿಗ್ಗೆ ಬೀಗ ತೆಗೆಯುವಾಗ ಅದು ಅವಳು ಕೊಟ್ಟದ್ದಾಗಿರುತ್ತದೆ. ಕೋಡು ಓದುವುದರಲ್ಲಿ ಅವಳು ಮೇಲು, ಸರಿ. ಗಿರಾಕಿ, ನನ್ನ ಹೆಂಡತಿ, ನನ್ನ ಮಗಳು, ಎಲ್ಲ ಅವಳ ಕಡೆ, ಅದೂ ಸರಿ. ಒಳ್ಳೆಯತನದಲ್ಲೂ ಅವಳೇ ಮೇಲಾಗಿ, ಸಾಯುವ ತನಕ ನಾನು ಅವಳ ಋಣದಲ್ಲಿ ಇರಬೇಕೇ? ಅದೊಂದನ್ನು ಬಿಟ್ಟುಕೊಡಲಾರೆ ಅನ್ನಿಸಿತು. ಜನ ಇದನ್ನು ಪ್ರಾಮಾಣಿಕತೆ ಎಂದು ಆಮೇಲೆ ಹೊಗಳಿದರು. ಅಲ್ಲ, ಅಪ್ಪಟ ಹೊಟ್ಟೆಕಿಚ್ಚು.

ಜೇಬಿನಿಂದ ಎರಡು ಪಟ್ಟಿಗಳನ್ನು ತೆಗೆದು ಕೀಲಿಯ ಪಕ್ಕ ಇಟ್ಟೆ. ಯಜಮಾನರು ಓರೆ ತುದಿಯನ್ನು ನೋಡಿದ ಕೂಡಲೇ ಯಾರ ಕಟ್ಟು ಎಂದು ಗುರುತು ಹಿಡಿದರು. ಎಲ್ಲವನ್ನೂ ಹೇಳಿದೆ, ಒಂಬತ್ತು ಹತ್ತು, ಒಂಬತ್ತು ಹನ್ನೊಂದನ್ನೂ ಬಿಡಲಿಲ್ಲ. ಅವರು ಗೊಂಚಲನ್ನು ನನ್ನ ಮುಂದಿನಿಂದ ಎತ್ತಿ ಅವಳ ಕೈಯಲ್ಲಿಟ್ಟರು. ನಾನು ಕೆಲಸ ಬಿಟ್ಟು ಹೊರಡಲು ಸಿದ್ಧನಿದ್ದೆ. ನೀನು ಇರುವುದು ಬಿಡುವುದು ಇನ್ನು ಅವಳು ಹೇಳಿದಂತೆ ಎಂದರು ಯಜಮಾನರು.

ಮರುದಿನ ಬೆಳಿಗ್ಗೆ ಅವಳು ಬೀಗ ತೆಗೆದಳು. ಏಳರಲ್ಲಿ ಸರಿಯಾದ ಕೀಲಿ ಸಿಗದೆ ಒದ್ದಾಡಿದಳು. ಮೂರನೆಯದು ಎಂದು ಹಿಂದಿನಿಂದ ಹೇಳಿದೆ. ಒಳಗೆ ಹೋಗಿ ಗೋಡೆಗೆ ಒಂದು ಕಾಗದ ಅಂಟಿಸಿದಳು, ಅದು ಇವತ್ತಿಗೂ ಅಲ್ಲಿದೆ. ಕೆಳಗಿನ ಪುಟ ಬರೆದುಕೊಳ್ಳದೆ ಯಾರೂ ಕೋಡು ಅಳಿಸಬಾರದು. ಬರೆದುಕೊಂಡ ಮೇಲೂ ಅಳಿಸುವ ಗುಂಡಿಯನ್ನು ಒಬ್ಬರೇ ಒತ್ತಬೇಕು, ಒತ್ತಿ ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಒಬ್ಬರು ಯಾರು ಎಂದು ಬರೆದ ಕಡೆ, ಭಾವ ಎಂದಿತ್ತು.

ಇಂಥ ಶಿಕ್ಷೆ ನನ್ನ ತಲೆಗೆ ಹೊಳೆಯುತ್ತಿರಲಿಲ್ಲ. ಅದಕ್ಕೂ ನನಗೆ ಹೊಟ್ಟೆಕಿಚ್ಚಿದೆ. ಅವಳನ್ನು ಕೇಳಿದರೆ ಶಿಕ್ಷೆಯಲ್ಲ, ಇನ್ಯಾವತ್ತೂ ಬರೆದುಕೊಳ್ಳದೆ ಅಳಿಸಲಾರದವರು ಇಲ್ಲಿ ಒಬ್ಬರೇ ಇರೋದು ಎನ್ನುತ್ತಾಳೆ. ನಾಲ್ಕು ವರ್ಷವಾಯಿತು. ವೈರು ಕಟ್ಟುವಾಗ ಈಗಲೂ ಎರಡು ಪಟ್ಟಿ ಹಾಕುತ್ತೇನೆ, ಒಂದು ಬೆರಳು ಸಡಿಲ ಬಿಡುತ್ತೇನೆ. ದಿನಕ್ಕೆ ಎಂಟು ಹತ್ತು ಕಾರು ಬರುತ್ತವೆ. ಪ್ರತಿಯೊಂದಕ್ಕೂ ಅವಳ ದುಂಡಗಿನ ಅಂಕಿಗಳನ್ನು ಒಂದೊಂದಾಗಿ ಓದಿ ಆ ಗುಂಡಿ ಒತ್ತುತ್ತೇನೆ. ಖಚಿತವೇ ಎಂದು ಯಂತ್ರ ಪ್ರತಿ ಸಲವೂ ನನ್ನನ್ನು ಕೇಳುತ್ತದೆ.